ಅಲಾಸ್ಕ ಹಡಗುಯಾನಕ್ಕೆ ಯಾವ ಕ್ಯಾಮೆರಾ, ಯಾವ ಲೆನ್ಸ್?

ಸಿಯಾಟಲ್‌ನಿಂದಲೋ ವ್ಯಾಂಕೂವರ್‌ನಿಂದಲೋ ಹೊರಟು ಕೆಚಿಕನ್, ಜುನೋ, ಸ್ಕ್ಯಾಗ್‌ವೇ ಊರುಗಳನ್ನು ಮುಟ್ಟಿ, ಗ್ಲೇಸಿಯರ್ ಬೇ ಅಥವಾ ಹಬ್ಬರ್ಡ್ ಹಿಮನದಿಯನ್ನು ನೋಡಿಕೊಂಡು ಬರುವ ಒಂದು ವಾರದ ಪ್ರವಾಸಕ್ಕೆ ಟಿಕೆಟ್ ಮಾಡಿಸಿದ ತಕ್ಷಣ ಬಹಳಷ್ಟು ಜನ 600 ಮಿ.ಮೀ. ಲೆನ್ಸಿನ ಬೆಲೆ ವಿಚಾರಿಸಲು ಶುರು ಮಾಡುತ್ತಾರೆ. ತಿಮಿಂಗಿಲ, ಹದ್ದು, ಕರಡಿ ಎಲ್ಲವೂ ದೂರದಲ್ಲಿರುತ್ತವೆ, ಹಾಗಾಗಿ ಉದ್ದದ ಲೆನ್ಸ್ ಬೇಕು ಎಂಬುದು ಅವರ ಲೆಕ್ಕ. ಈ ಲೆಕ್ಕ ಅರ್ಧ ಮಾತ್ರ ಸರಿ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಫೋಟೊ ತೆಗೆಯುವಾಗ ನೀವು ಎಲ್ಲಿ ನಿಂತಿರುತ್ತೀರಿ ಎಂಬುದು. ಹಡಗಿನ ಹದಿನಾಲ್ಕನೇ ಡೆಕ್ಕು, ಕ್ಯಾಬಿನ್ನಿನ ಬಾಲ್ಕನಿ, ಇಪ್ಪತ್ತು ಮೂವತ್ತು ಜನರ ಸಣ್ಣ ದೋಣಿ, ಮಳೆಕಾಡಿನ ಕಾಲುದಾರಿ, ಈ ನಾಲ್ಕಕ್ಕೂ ಬೇಕಾದ ಸಾಮಗ್ರಿ ಒಂದೇ ಅಲ್ಲ. ನಾಲ್ಕಕ್ಕೂ ಹೊಂದುವಂಥದ್ದನ್ನು ಹುಡುಕಿದರೆ ಅದು 600ರ ದೊಡ್ಡ ಲೆನ್ಸ್ ಅಂತೂ ಆಗಿರುವುದಿಲ್ಲ.

ದೂರದ ಲೆಕ್ಕ

ಕಾಗದದ ಮೇಲೆ ಮಾಡಬಹುದಾದ ಸರಳ ಲೆಕ್ಕವೊಂದಿದೆ. ದೂರವನ್ನು ಮೀಟರಿನಲ್ಲಿ ತೆಗೆದುಕೊಂಡು 36ರಿಂದ ಗುಣಿಸಿ, ಲೆನ್ಸಿನ ಫುಲ್‌ಫ್ರೇಮ್ ಸಮಾನ ಉದ್ದದಿಂದ, ಅಂದರೆ 36 ಮಿ.ಮೀ. ಅಗಲದ ಸೆನ್ಸರಿಗೆ ಹೋಲಿಸಿ ಹೇಳುವ ಮಿ.ಮೀ. ಅಂಕಿಯಿಂದ, ಭಾಗಿಸಿ. ಬರುವ ಉತ್ತರವೇ ಚಿತ್ರದ ಅಗಲದಲ್ಲಿ ಹಿಡಿಯುವ ದೃಶ್ಯದ ಅಗಲ, ಅದೂ ಮೀಟರಿನಲ್ಲೇ. ಸಮಾನ ಉದ್ದ ಬೇಕಾದರೆ ಲೆನ್ಸಿನ ಮೇಲೆ ಬರೆದಿರುವ ಅಂಕಿಯನ್ನು ನಿಕಾನ್, ಸೋನಿ, ಫ್ಯೂಜಿಯ ಎಪಿಎಸ್-ಸಿ (ಫುಲ್‌ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಗಳಲ್ಲಿ 1.5ರಿಂದ, ಕ್ಯಾನನ್‌ನದಾದರೆ 1.6ರಿಂದ, ಇನ್ನೂ ಚಿಕ್ಕ ಸೆನ್ಸರಿನ ಮೈಕ್ರೊ ಫೋರ್ ಥರ್ಡ್ಸ್ ಆದರೆ 2ರಿಂದ ಗುಣಿಸಬೇಕು.

ಅಲಾಸ್ಕದ ನೀರಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದ ಬಳಿಗೆ ದೋಣಿಗಳು 100 ಗಜ, ಅಂದರೆ 91 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ ಎಂಬುದು ಅಮೆರಿಕದ ಕಾನೂನು. ಆ ದೂರದಲ್ಲಿ 400 ಮಿ.ಮೀ. ಸಮಾನ ಲೆನ್ಸ್ ಸುಮಾರು 8 ಮೀಟರ್ ಅಗಲವನ್ನು ಹಿಡಿಯುತ್ತದೆ. ಹಂಪ್‌ಬ್ಯಾಕ್ ಮುಳುಗುವ ಮುಂಚೆ ಮೇಲೆತ್ತುವ ಬಾಲದ ಅಗಲ ನಾಲ್ಕೈದು ಮೀಟರ್. ಚಿತ್ರದ ಅರ್ಧಕ್ಕಿಂತ ಹೆಚ್ಚು ಬಾಲ, ಉಳಿದದ್ದು ನೀರು ಮತ್ತು ಬೆಟ್ಟ. ಇದಕ್ಕಿಂತ ಬಿಗಿಯಾದ ಚೌಕಟ್ಟು ಬೇಕಿಲ್ಲ.

ಅದೇ ದೋಣಿಯಲ್ಲಿ 200-600 ಹಿಡಿದು ಕುಳಿತವರ ಪಾಡು ನೋಡಿ. ಎಂಜಿನ್ ನಿಲ್ಲಿಸಿ ಕಾಯುತ್ತಿರುವಾಗ ತಿಮಿಂಗಿಲ ತಾನಾಗಿಯೇ 30 ಮೀಟರ್ ದೂರಕ್ಕೆ ಬಂದು ಮೈಯೆತ್ತಿ ಚಿಮ್ಮಿತು ಎಂದಿಟ್ಟುಕೊಳ್ಳಿ. 200ರಲ್ಲೂ ಹಿಡಿಯುವ ಅಗಲ 5.4 ಮೀಟರ್ ಮಾತ್ರ. ಪ್ರಾಣಿಯ ಉದ್ದ 12ರಿಂದ 15 ಮೀಟರ್. ತಲೆ ಬಂದರೆ ಬಾಲವಿಲ್ಲ, ಬಾಲ ಬಂದರೆ ತಲೆಯಿಲ್ಲ. ಹಲವು ಹಂಪ್‌ಬ್ಯಾಕ್‌ಗಳು ಗುಳ್ಳೆಗಳ ಬಲೆ ಹೆಣೆದು ಒಟ್ಟಿಗೆ ಬಾಯಿ ತೆರೆದು ಮೇಲೇಳುವ ಬೇಟೆಗೂ ಇದೇ ಮಾತು: ಆ ದೃಶ್ಯಕ್ಕೆ 100ರಿಂದ 250 ಸಾಕು. ಎಲ್ಲಿ ಏಳುತ್ತವೆ ಎಂಬ ಸುಳಿವು ಬೇಕಾದರೆ ಕಡಲಕ್ಕಿಗಳನ್ನು ಗಮನಿಸಿ, ಅವು ಮೊದಲೇ ಆ ಜಾಗದ ಮೇಲೆ ಕವಿದಿರುತ್ತವೆ.

ದೊಡ್ಡ ಹಡಗಿನಿಂದಾದರೆ ಸಮಸ್ಯೆ ತಿರುಗುಮುರುಗು. ತಿಮಿಂಗಿಲ 300 ಮೀಟರ್ ದೂರದಲ್ಲಿದ್ದರೆ 600 ಮಿ.ಮೀ. ಲೆನ್ಸಿನಲ್ಲೂ 18 ಮೀಟರ್ ಅಗಲದ ಚೌಕಟ್ಟು, ಬಾಲ ಅದರಲ್ಲಿ ಕಾಲು ಭಾಗ. ಸಾಲದ್ದಕ್ಕೆ ನೀವು ನೀರಿನಿಂದ ಮೂವತ್ತು ಮೀಟರಿಗೂ ಹೆಚ್ಚು ಎತ್ತರದಲ್ಲಿ ನಿಂತು ಕೆಳಗೆ ನೋಡುತ್ತಿರುತ್ತೀರಿ. ಹಿನ್ನೆಲೆಯಲ್ಲಿ ಬೆಟ್ಟ ಬರುವುದಿಲ್ಲ, ಬೂದು ನೀರಿನ ಮೇಲೊಂದು ಕಪ್ಪು ಮಚ್ಚೆ ಬರುತ್ತದೆ. ಈ ಕೊರತೆಯನ್ನು ಯಾವ ಲೆನ್ಸೂ ತುಂಬಿಕೊಡದು. ನಾಲ್ಕನೆಯದೋ ಐದನೆಯದೋ ಮಹಡಿಯಲ್ಲಿ ಹಡಗಿನ ಸುತ್ತ ನಡೆದಾಡಲು ಪ್ರಾಮನೇಡ್ ಡೆಕ್ ಇದ್ದರೆ ಅಲ್ಲಿಗೆ ಇಳಿಯಿರಿ. ಹೆಚ್ಚುವರಿ 200 ಮಿ.ಮೀ.ಗೆ ಕೊಡುವ ದುಡ್ಡಿನಲ್ಲಿ ಜುನೋದ ಆಕ್ ಬೇ ಬಂದರಿನಿಂದ ಹೊರಡುವ ತಿಮಿಂಗಿಲ ವೀಕ್ಷಣೆಯ ದೋಣಿಯಲ್ಲಿ ಒಮ್ಮೆ ಅಲ್ಲ, ಎರಡು ಸಲ ಹೋಗಿಬರಬಹುದು. ನಮ್ಮ ಲೆಕ್ಕದಲ್ಲಿ ಅದೇ ಒಳ್ಳೆಯ ಖರ್ಚು.

ಹಿಮನದಿಗೆ ಅಗಲ ಬೇಕು

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡು ದೊಡ್ಡ ಹಡಗುಗಳಿಗಷ್ಟೇ ಅನುಮತಿ. ಹೆಚ್ಚಿನವು ಹೋಗಿ ನಿಲ್ಲುವುದು ಮಾರ್ಜರಿ ಹಿಮನದಿಯ ಎದುರು. ಅದರ ಮುಖದ ಅಗಲ ಸುಮಾರು 1.6 ಕಿ.ಮೀ., ನೀರಿನ ಮೇಲಿನ ಎತ್ತರ ಸುಮಾರು 75 ಮೀಟರ್. ಹಡಗು ಅರ್ಧ ಕಿಲೋಮೀಟರ್ ದೂರದಲ್ಲಿ ನಿಂತರೆ 24 ಮಿ.ಮೀ. ಲೆನ್ಸಿನಲ್ಲಿ ಸಿಗುವುದು 750 ಮೀಟರ್, ಅಂದರೆ ಅರ್ಧ ಹಿಮನದಿಯೂ ಇಲ್ಲ. ಹಬ್ಬರ್ಡ್‌ನ ಮುಖವಂತೂ ಹತ್ತು ಕಿಲೋಮೀಟರಿನಷ್ಟು ಅಗಲ. ಟೆಲಿ ಲೆನ್ಸ್ ಒಂದನ್ನೇ ತಂದವರಿಗೆ ಇಲ್ಲಿ ಫೋನೇ ಗತಿ.

ಪೂರ್ತಿ ಮುಖ ಬೇಕಾದರೆ ಕ್ಯಾಮೆರಾವನ್ನು ನಿಲುವಾಗಿ ಹಿಡಿದು, ಎಕ್ಸ್‌ಪೋಷರ್ ಲಾಕ್ ಮಾಡಿ, ಪ್ರತಿ ಚಿತ್ರ ಮುಂದಿನದರ ಮೇಲೆ ಮೂರನೇ ಒಂದು ಭಾಗ ಹಾಯುವಂತೆ ಆರೆಂಟು ಚಿತ್ರಗಳನ್ನು ಬೇಗಬೇಗ ತೆಗೆದು ಆಮೇಲೆ ಜೋಡಿಸಿ. ಹಡಗು ನಿಧಾನವಾಗಿ ತಿರುಗುತ್ತಲೇ ಇರುವುದರಿಂದ ಬೇಗ ಮುಗಿಸುವುದು ಮುಖ್ಯ. ಹಡಗಿನ ಕಂಬಿ ಅಥವಾ ಪಕ್ಕದವರ ಟೋಪಿ ಚೌಕಟ್ಟಿನೊಳಗೆ ಬಂದರೆ ಜೋಡಣೆ ಕೆಡುತ್ತದೆ, ಹತ್ತಿರದ ವಸ್ತು ಪ್ರತಿ ಚಿತ್ರದಲ್ಲೂ ಬೇರೆ ಜಾಗದಲ್ಲಿ ಬಿದ್ದಿರುತ್ತದೆ.

ಮಂಜುಗಡ್ಡೆ ಕಳಚಿ ನೀರಿಗೆ ಬೀಳುವ ಕ್ಷಣಕ್ಕೆ ಮಾತ್ರ 200ರಿಂದ 400 ಬೇಕು. ಇಲ್ಲಿ ಮೋಸಗೊಳಿಸುವುದು ಸದ್ದು. ಅರ್ಧ ಕಿಲೋಮೀಟರಿನಿಂದ ಶಬ್ದ ನಿಮ್ಮನ್ನು ತಲುಪಲು ಒಂದೂವರೆ ಸೆಕೆಂಡ್ ಬೇಕು, ಆ ಗುಡುಗು ಕೇಳಿ ಕ್ಯಾಮೆರಾ ಎತ್ತುವಷ್ಟರಲ್ಲಿ ಗಡ್ಡೆ ನೀರಿನಲ್ಲಿರುತ್ತದೆ. ಕಿವಿಗಿಂತ ಕಣ್ಣನ್ನು ನಂಬಿ. ಸಣ್ಣ ಚೂರುಗಳು ಒಂದೇ ಜಾಗದಿಂದ ಮತ್ತೆ ಮತ್ತೆ ಉದುರುತ್ತಿದ್ದರೆ ಲೆನ್ಸನ್ನು ಅಲ್ಲಿಗೇ ತಿರುಗಿಸಿಟ್ಟು ಕಾಯಿರಿ. ಬಟನ್ ಪೂರ್ತಿ ಒತ್ತುವ ಮೊದಲಿನ ಚಿತ್ರಗಳನ್ನೂ ಉಳಿಸುವ ಸೌಲಭ್ಯ ಈಗ ಕೆಲವು ಕ್ಯಾಮೆರಾಗಳಲ್ಲಿದೆ. ಓಎಂ ಸಿಸ್ಟಮ್‌ನಲ್ಲಿ ಅದರ ಹೆಸರು ಪ್ರೊ ಕ್ಯಾಪ್ಚರ್, ಕ್ಯಾನನ್ ಆರ್7 ಮತ್ತು ಆರ್10ಗಳಲ್ಲಿ ರಾ ಬರ್ಸ್ಟ್ (ಒಂದರ ಹಿಂದೊಂದು ವೇಗವಾಗಿ ತೆಗೆಯುವ ಚಿತ್ರಗಳ ಸರಣಿ) ಜೊತೆಗಿನ ಪ್ರೀ-ಶೂಟಿಂಗ್, ಅರ್ಧ ಸೆಕೆಂಡಿನಷ್ಟು ಹಿಂದಕ್ಕೆ ಹೋಗುತ್ತದೆ. ತಿಮಿಂಗಿಲ ಚಿಮ್ಮುವಾಗಲೂ ಇದೇ ಕೈಹಿಡಿಯುವುದು. ಎರಡು ಕ್ಯಾಮೆರಾಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಈ ಸೌಲಭ್ಯ ಇರುವುದನ್ನು ಆರಿಸಿ, ನಾಲ್ಕೈದು ಮೆಗಾಪಿಕ್ಸೆಲ್ ಹೆಚ್ಚುಕಡಿಮೆ ಇಲ್ಲಿ ಲೆಕ್ಕಕ್ಕಿಲ್ಲ.

ಎದುರಿಗಿರುವ ಆಯ್ಕೆಗಳು

ಫೋನ್ ಮತ್ತು ಬೈನಾಕ್ಯುಲರ್. ಇದನ್ನು ಬಡವರ ಆಯ್ಕೆ ಎಂದು ತಳ್ಳಿಹಾಕಬೇಡಿ. ಮೇಲ್ದರ್ಜೆಯ ಫೋನುಗಳ 5x ಕ್ಯಾಮೆರಾ ಸುಮಾರು 110-120 ಮಿ.ಮೀ. ಸಮಾನ. ಹಿಮನದಿ, ಬೆಟ್ಟ, ಜಲಪಾತ, ಸ್ಕ್ಯಾಗ್‌ವೇಯಿಂದ ಹೊರಡುವ ವೈಟ್ ಪಾಸ್ ರೈಲಿನ ನೋಟ, ಎಲ್ಲಕ್ಕೂ ಸಾಕು. 91 ಮೀಟರಿನಲ್ಲಿ ಹಿಡಿಯುವ ಅಗಲ 27 ಮೀಟರ್, ಬಾಲ ಚಿಕ್ಕದಾಗಿ ಕಾಣುತ್ತದೆ ಅಷ್ಟೆ. ಪ್ರಾಣಿಗಳನ್ನು ಬೈನಾಕ್ಯುಲರಿನಲ್ಲಿ ನೋಡಿ ಖುಷಿಪಡಲು ಒಪ್ಪುವವರಿಗೆ ಇದರಷ್ಟು ಹಗುರವಾದದ್ದು ಇನ್ನೊಂದಿಲ್ಲ. 8×42 ಕೊಳ್ಳಿ. 10 ಪಟ್ಟು ಹಿಗ್ಗಿಸುವುದು ತೂಗುವ ಡೆಕ್ಕಿನ ಮೇಲೆ ಕೈನಡುಕವನ್ನೂ ಹಿಗ್ಗಿಸುತ್ತದೆ. ಕ್ಯಾಮೆರಾ ಇರುವ ಮನೆಯಲ್ಲೂ ಒಂದು ಬೈನಾಕ್ಯುಲರ್ ಇರಲಿ, ಒಬ್ಬರು ಹುಡುಕಿ ದಿಕ್ಕು ಹೇಳಿದರೆ ಇನ್ನೊಬ್ಬರು ಕ್ಲಿಕ್ಕಿಸಬಹುದು.

ಬ್ರಿಡ್ಜ್ ಕ್ಯಾಮೆರಾ, ಅಂದರೆ ಲೆನ್ಸ್ ಬಿಚ್ಚಲಾಗದ ದೊಡ್ಡ ಜೂಮ್ ಕ್ಯಾಮೆರಾ. ಇದರಲ್ಲಿ ಎರಡು ಜಾತಿ, ಒಂದನ್ನು ಇನ್ನೊಂದೆಂದು ತಿಳಿದು ಕೊಂಡರೆ ಕೆಟ್ಟಂತೆ. ಸೋನಿ ಆರ್‌ಎಕ್ಸ್10 ಮಾರ್ಕ್ 4 (24-600 ಸಮಾನ, 1095 ಗ್ರಾಂ), ಪ್ಯಾನಸಾನಿಕ್ ಎಫ್‌ಜೆಡ್1000 ಮಾರ್ಕ್ 2 (25-400 ಸಮಾನ) ಇವುಗಳಲ್ಲಿರುವುದು ಒಂದಿಂಚಿನ ಸೆನ್ಸರ್. ನಿಕಾನ್ ಪಿ950, ಪಿ1000ಗಳಲ್ಲಿ ಫೋನಿನದರಷ್ಟೋ ಅದಕ್ಕಿಂತ ಚಿಕ್ಕದೋ ಆದ ಸೆನ್ಸರ್, ಆದರೆ ಜೂಮ್ 2000, 3000ರವರೆಗೆ. 3000 ಮಿ.ಮೀ. ಎಂದು ಡಬ್ಬಿಯ ಮೇಲೆ ಓದಿದವರಿಗೆ ಆಸೆಯಾಗುವುದು ಸಹಜ. ಮೋಡ ಕವಿದ ಅಲಾಸ್ಕದಲ್ಲಿ, ತೂಗುವ ಹಡಗಿನ ಮೇಲೆ, ಎಫ್8 ಅಪರ್ಚರಿನಲ್ಲಿ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) 3000 ಎಂಬುದು ಚಂದ್ರನ ಫೋಟೊಕ್ಕೂ ಕಷ್ಟ. ಚಲಿಸುವ ತಿಮಿಂಗಿಲವನ್ನು ಅದರೊಳಗೆ ಹುಡುಕುವುದರಲ್ಲೇ ಪ್ರವಾಸ ಮುಗಿಯುತ್ತದೆ. ಜೊತೆಗೆ ಪಿ1000ಕ್ಕೆ ಮಳೆ ತಡೆಯುವ ಸೀಲ್ ಇಲ್ಲ, ತೂಕ 1415 ಗ್ರಾಂ.

ಒಂದಿಂಚಿನ ಸೆನ್ಸರಿನವು ಮಾತ್ರ ಜನ ಅಂದುಕೊಂಡದ್ದಕ್ಕಿಂತ ಬಹಳ ಒಳ್ಳೆಯವು. ಸೆನ್ಸರಿಗೆ ಒಟ್ಟು ಎಷ್ಟು ಬೆಳಕು ಬೀಳುತ್ತದೆ ಎಂದು ಹೋಲಿಸಬೇಕಾದರೆ ಎಫ್ ಅಂಕಿಯನ್ನೂ ಸೆನ್ಸರಿನ ಗುಣಾಂಕದಿಂದ (ಮೇಲೆ ಹೇಳಿದ 1.5, 1.6, 2ರಂಥ ಅಂಕಿ) ಗುಣಿಸಬೇಕು. ಆರ್‌ಎಕ್ಸ್10 ತನ್ನ 600ರಲ್ಲಿ ಎಫ್4, ಗುಣಾಂಕ 2.7, ಒಟ್ಟು 10.8. ಕ್ಯಾನನ್ ಆರ್7ಗೆ 100-400 ಎಫ್5.6-8 ಹಾಕಿದರೆ ತುದಿಯಲ್ಲಿ 8 ಗುಣಿಸು 1.6, ಅಂದರೆ 12.8. ಓಎಂ ಸಿಸ್ಟಮ್‌ನ 100-400 ತುದಿಯಲ್ಲಿ ಎಫ್6.3, ಎರಡರಿಂದ ಗುಣಿಸಿದರೆ 12.6. ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಸೆನ್ಸರ್ ಚಿಕ್ಕದು, ಆದ್ದರಿಂದ ಚಿತ್ರದಲ್ಲಿ ಕಾಳುಕಾಳು ಹೆಚ್ಚು ಎಂಬ ಮಾತು ಈ ಜೋಡಿಗಳ ನಡುವೆ ನಿಲ್ಲುವುದಿಲ್ಲ. ಇವುಗಳ ನಿಜವಾದ ದೌರ್ಬಲ್ಯ ಬೇರೆ ಕಡೆ ಇದೆ: ಜೂಮ್ ಮೋಟಾರಿನಿಂದ ನಡೆಯುವುದರಿಂದ 24ರಿಂದ 600ಕ್ಕೆ ಹೋಗಲು ತಡವಾಗುತ್ತದೆ, ಹಾರುವ ಹಕ್ಕಿಯ ಕಣ್ಣನ್ನು ಹಿಡಿದಿಡುವ ಹೊಸ ಫೋಕಸ್ ವ್ಯವಸ್ಥೆ ಇಲ್ಲ, 20 ಮೆಗಾಪಿಕ್ಸೆಲ್ ಇರುವುದರಿಂದ ಕ್ರಾಪ್ ಮಾಡಲು ಅವಕಾಶ ಕಡಿಮೆ. ಆರ್‌ಎಕ್ಸ್10 ಮಾರ್ಕ್ 4 ಬಂದದ್ದು 2017ರಲ್ಲಿ. ಬಳಸಿದ್ದನ್ನು ಕೊಳ್ಳುವುದಾದರೆ ಅಂಗಡಿಯಲ್ಲೇ ಜೂಮನ್ನು ತುದಿಯವರೆಗೆ ಚಾಚಿ, ಚಿತ್ರದ ನಾಲ್ಕು ಮೂಲೆ ಸಮನಾಗಿ ಚೂಪಾಗಿವೆಯೇ, ಒಳಗೆ ಧೂಳು ಸೇರಿದೆಯೇ ನೋಡಿ. ಒಳಗಿನ ಧೂಳನ್ನು ನೀವು ಒರೆಸಲಾಗದು.

ಎಪಿಎಸ್-ಸಿ ಅಥವಾ ಮೈಕ್ರೊ ಫೋರ್ ಥರ್ಡ್ಸ್ ಬಾಡಿ, ಜೊತೆಗೊಂದು ಹಗುರ ಟೆಲಿ ಜೂಮ್. ಹೆಚ್ಚಿನವರಿಗೆ ನಾವು ಹೇಳುವುದು ಇದನ್ನೇ. ಕ್ಯಾನನ್ ಆರ್10 ಮತ್ತು ಆರ್‌ಎಫ್ 100-400 ಸೇರಿ 1064 ಗ್ರಾಂ, 160-640 ಸಮಾನ. ಸೋನಿ ಎ6700 ಮತ್ತು 70-350 ಸೇರಿ 1118 ಗ್ರಾಂ, 105-525 ಸಮಾನ. ಓಎಂ-5 ಮತ್ತು 75-300 ಸೇರಿ 837 ಗ್ರಾಂ, 150-600 ಸಮಾನ. ಇವುಗಳಲ್ಲಿ ದೋಣಿಗೆ ಚೆನ್ನಾಗಿ ಒಗ್ಗುವುದು ಸೋನಿಯ 70-350: ಕೆಳತುದಿ 105ಕ್ಕೆ ಇಳಿಯುವುದರಿಂದ ಹತ್ತಿರ ಬಂದ ತಿಮಿಂಗಿಲ ಕತ್ತರಿಸಿ ಹೋಗುವುದಿಲ್ಲ, ತೇವ ತಡೆಯುವ ರಚನೆಯೂ ಇದೆ. ಕ್ಯಾನನ್ 100-400ಕ್ಕೂ ಓಎಂನ 75-300ಕ್ಕೂ ಸೀಲ್ ಇಲ್ಲ, ಬಾಡಿ ಎಷ್ಟೇ ಗಟ್ಟಿಯಾಗಿದ್ದರೂ ನೀರು ಒಳಹೋಗುವುದು ಲೆನ್ಸಿನ ಸಂದಿನಿಂದ. ಕ್ಯಾನನ್ ಆರ್7ನಲ್ಲಿ ಇನ್ನೊಂದು ಎಚ್ಚರ: ಎಲೆಕ್ಟ್ರಾನಿಕ್ ಶಟರಿನಲ್ಲಿ ಸೆನ್ಸರ್ ಓದುವುದು ನಿಧಾನ, ಹಾರುವ ಹದ್ದಿನ ರೆಕ್ಕೆ ಸೊಟ್ಟಗೆ ಬೀಳುತ್ತದೆ. ಹಕ್ಕಿಗೆ ಮೆಕ್ಯಾನಿಕಲ್ ಶಟರ್ ಬಳಸಿ. ಪ್ರೀ-ಶೂಟಿಂಗ್ ನಡೆಯುವುದು ಎಲೆಕ್ಟ್ರಾನಿಕ್ ಶಟರಿನಲ್ಲೇ ಆದ್ದರಿಂದ ಅದನ್ನು ಹಿಮನದಿಗೆ, ತಿಮಿಂಗಿಲಕ್ಕೆ ಮೀಸಲಿಡಿ.

ಫುಲ್‌ಫ್ರೇಮ್ ಮತ್ತು 100-400 ಅಥವಾ 100-500. ಕ್ಯಾನನ್‌ನ 100-500 ತುದಿಯಲ್ಲಿ ಎಫ್7.1, ಮೇಲಿನ 12.8ಕ್ಕೆ ಹೋಲಿಸಿದರೆ ಒಂದೂಮುಕ್ಕಾಲು ಸ್ಟಾಪಿನಷ್ಟು ಹೆಚ್ಚು ಬೆಳಕು (ಒಂದು ಸ್ಟಾಪ್ ಎಂದರೆ ಎರಡು ಪಟ್ಟು). ಬಾಡಿ ಸೇರಿ ಎರಡು ಕಿಲೋ ದಾಟುತ್ತದೆ. ಈ ಅನುಕೂಲ ಎದ್ದು ಕಾಣುವುದು ಒಂದೇ ಕಡೆ, ಕಾಡಿನೊಳಗೆ. ಜುಲೈ, ಆಗಸ್ಟ್‌ನಲ್ಲಿ ಸಾಲ್ಮನ್ ಮೀನು ಹೊಳೆ ಹತ್ತುವಾಗ ಕರಡಿ ನೋಡಲು ರಾಂಗೆಲ್ ಬಳಿಯ ಆನನ್ ಕ್ರೀಕ್‌ನಂಥ ಜಾಗಕ್ಕೆ ಹೋಗುವವರಿದ್ದಾರೆ. ದಟ್ಟ ಮರಗಳ ನೆರಳು, ಮಳೆಮೋಡ, ಕಪ್ಪು ಕರಡಿ. ಅಲ್ಲಿ ಎಫ್8 ಲೆನ್ಸ್ ಸೋಲುತ್ತದೆ, 70-200 ಎಫ್2.8 ಗೆಲ್ಲುತ್ತದೆ, ಕರಡಿ ಇರುವುದೂ ಹತ್ತಿರದಲ್ಲೇ. ಅಂಥ ಕಾರ್ಯಕ್ರಮ ನಿಮ್ಮ ಪಟ್ಟಿಯಲ್ಲಿಲ್ಲದಿದ್ದರೆ ಈ ತೂಕಕ್ಕೆ ಕಾರಣವಿಲ್ಲ.

ಇನ್ನು 150-600, 200-500, 200-600. ಕಬಿನಿ, ಬಂಡೀಪುರಕ್ಕೆಂದು ಕೊಂಡದ್ದು ಮನೆಯಲ್ಲಿದ್ದರೆ ತೆಗೆದುಕೊಂಡು ಹೋಗುವ ಮನಸ್ಸಾಗುತ್ತದೆ. ಜೀಪಿನಲ್ಲಿ ಬೀನ್‌ಬ್ಯಾಗ್ ಮೇಲೆ ಇಟ್ಟ ಎರಡು ಕಿಲೋ ಲೆನ್ಸ್ ಬೇರೆ, ಗಾಳಿಗೆ ನಿಂತು ಮೂರು ಗಂಟೆ ಕೈಯಲ್ಲಿ ಹಿಡಿಯುವುದು ಬೇರೆ. ಒಯ್ಯುವುದೇ ಆದರೆ 150ರಿಂದ ಶುರುವಾಗುವುದು ಮೇಲು, ಎರಡನೇ ಬಾಡಿಯಲ್ಲಿ 24-105 ಇರಲೇಬೇಕು. ಮೊದಲೇ ಪರೀಕ್ಷಿಸಿಕೊಳ್ಳಲು ರಂಗನತಿಟ್ಟಿನ ದೋಣಿ, ಭದ್ರಾ ಹಿನ್ನೀರಿನಲ್ಲಿ ಬೇಸಿಗೆಯ ರಿವರ್ ಟರ್ನ್ ಹಕ್ಕಿಗಳ ದೋಣಿ ಸಫಾರಿ ಚೆನ್ನಾಗಿವೆ. ಅಲ್ಲಿ ಅರ್ಧ ಗಂಟೆಗೆ ತೋಳು ಸೋತರೆ ಉತ್ತರ ಸಿಕ್ಕಂತೆ.

ಟ್ರೈಪಾಡ್, ಫಿಲ್ಟರ್, ಡ್ರೋನ್

ಟ್ರೈಪಾಡ್ ಬೇಡ. ಹಡಗಿನ ಎಂಜಿನ್ನಿನ ಕಂಪನ ಡೆಕ್ಕಿನಿಂದ ಕಾಲಿಗೆ, ಕಾಲಿನಿಂದ ಕ್ಯಾಮೆರಾಕ್ಕೆ ನೇರ ಏರುತ್ತದೆ. ಮೊನೊಪಾಡ್‌ಗೂ ಅದೇ ದೋಷ. ಕಂಬಿಯ ಮೇಲೆ ಲೆನ್ಸಾಗಲಿ ಮೊಣಕೈಯಾಗಲಿ ಊರಬೇಡಿ. ಮಂಡಿ ಸ್ವಲ್ಪ ಮಡಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ ನಿಂತರೆ ದೇಹವೇ ಕಂಪನವನ್ನು ನುಂಗುತ್ತದೆ. ಲೆನ್ಸಿನ ಸ್ಥಿರತೆಯ ಗುಂಡಿ ಆನ್ ಇರಲಿ.

ಹೊಳಪು ತಗ್ಗಿಸುವ ಫಿಲ್ಟರಾದ ಪೋಲರೈಸರ್ ಒಂದೂವರೆ ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ. ಒದ್ದೆ ಎಲೆಗಳ ಹೊಳಪು ತೆಗೆಯಲು ಅಗಲ ಲೆನ್ಸಿಗೆ ಒಂದಿದ್ದರೆ ಸಾಕು, ಟೆಲಿಗೆ ಹಾಕಬೇಡಿ. ಮಳೆಹನಿ ತಡೆಯಲು ಫಿಲ್ಟರಿಗಿಂತ ಲೆನ್ಸ್ ಹುಡ್ ಉಪಯೋಗಿ. ಡ್ರೋನ್ ಮನೆಯಲ್ಲೇ ಇರಲಿ, ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದಲೇ ನಿಷೇಧವಿದೆ, ಹಡಗು ಕಂಪನಿಗಳೂ ಹಾರಿಸಲು ಬಿಡುವುದಿಲ್ಲ.

ಬೆಳಕು ಕಡಿಮೆ ಇರುವಾಗ ಏನು ಇಡಬೇಕು

ಚಿಮ್ಮುವ ತಿಮಿಂಗಿಲಕ್ಕೆ, ಹಾರುವ ಬಾಲ್ಡ್ ಈಗಲ್‌ಗೆ ಶಟರ್ 1/2000. ಬಾಲಕ್ಕೆ 1/1000 ನಡೆಯುತ್ತದೆ. ಹಡಗಿನಿಂದ ಹಿಮನದಿಗೆ ಅಗಲ ಲೆನ್ಸಿನಲ್ಲಿ 1/250. ದಟ್ಟ ಮೋಡದ ಮಧ್ಯಾಹ್ನ ಎಫ್8, 1/2000 ಇಟ್ಟರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಿದಷ್ಟೂ ಕಾಳುಕಾಳು ಹೆಚ್ಚು) 3200, ಮಳೆ ಬಂದರೆ 6400 ತಲುಪುತ್ತದೆ ಎಂದು ಮೊದಲೇ ತಿಳಿದಿರಿ. ಆಟೊ ಐಎಸ್‌ಒ ಮಿತಿಯನ್ನು 1600ಕ್ಕೆ ಕಟ್ಟಿಹಾಕಿದರೆ ಕ್ಯಾಮೆರಾ ಶಟರನ್ನು ಇಳಿಸಿ ಚಿತ್ರವನ್ನು ಅಲುಗಾಡಿಸುತ್ತದೆ. ಕಾಳುಗಳನ್ನು ಆಮೇಲೆ ಕಡಿಮೆ ಮಾಡಬಹುದು, ಅಲುಗಾಟವನ್ನು ಸರಿಪಡಿಸಲಾಗದು.

ಚೌಕಟ್ಟಿನ ತುಂಬ ಮಂಜುಗಡ್ಡೆ ಇದ್ದರೆ ಎಕ್ಸ್‌ಪೋಷರನ್ನು +0.7ರಿಂದ +1ಕ್ಕೆ ಏರಿಸಿ, ಇಲ್ಲವಾದರೆ ಬಿಳಿ ಬೂದುಬಣ್ಣಕ್ಕೆ ತಿರುಗುತ್ತದೆ. ಕಪ್ಪು ಕಾಡಿನ ಎದುರು ಬಾಲ್ಡ್ ಈಗಲ್ ಕೂತಿದ್ದರೆ ಅದರ ಬಿಳಿ ತಲೆಗಾಗಿ -0.7. ಜೂನ್‌ನಲ್ಲಿ ಜುನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಒಳ್ಳೆಯ ಬೆಳಕಿರುವ ಹೊತ್ತಿಗೆ ಊಟದ ಹಾಲ್ ತುಂಬಿರುತ್ತದೆ, ಡೆಕ್ ಖಾಲಿ.

ಬಿಸಿಲಿದ್ದ ದಿನವೂ ಟೆಲಿ ಚಿತ್ರಗಳು ಮಸುಕಾಗಿ ಬಂದರೆ ಲೆನ್ಸನ್ನು ಬೈಯುವ ಮೊದಲು ಗಾಳಿಯನ್ನು ನೋಡಿ. ಹಿಮನದಿಯ ಮೇಲಿನ ತಣ್ಣನೆ ಗಾಳಿ, ಡೆಕ್ಕಿನ ಬೆಚ್ಚನೆ ಗಾಳಿ ಬೆರೆತ ಕಡೆ ದೃಶ್ಯ ನಡುಗುತ್ತದೆ. ಹೊಗೆಗೂಡಿನ ದಿಕ್ಕಿನಲ್ಲಂತೂ ಕೇಳುವುದೇ ಬೇಡ. ಬಾಲ್ಕನಿಯ ಬಾಗಿಲು ತೆರೆದಿಟ್ಟು ಒಳಗಿನಿಂದ ತೆಗೆದರೂ ಇದೇ ಗತಿ: ಬಾಗಿಲು ಮುಚ್ಚಿ, ಹೊರಗೆ ಬಂದು, ಗಾಜಿನ ತಡೆಯ ಮೇಲಿನಿಂದ ತೆಗೆಯಿರಿ.

ಮಳೆ, ಉಪ್ಪು, ಹಬೆ

ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿ.ಮೀ. ಮಳೆ, ಹತ್ತಿರಹತ್ತಿರ ಮಂಗಳೂರಿನಷ್ಟು. ವ್ಯತ್ಯಾಸವೆಂದರೆ ಅದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯದೆ ವರ್ಷವಿಡೀ ಜಿನುಗುತ್ತದೆ. ಮೇ, ಜೂನ್ ಕೊಂಚ ಒಣ, ಆಗಸ್ಟ್ ದಾಟಿದರೆ ಮಳೆ ಹೆಚ್ಚು. ಸೀಲ್ ಇಲ್ಲದ ಲೆನ್ಸಿಗೆ ಅಳತೆಯ ಪ್ಲಾಸ್ಟಿಕ್ ಹೊದಿಕೆ, ಎರಡು ರಬ್ಬರ್ ಬ್ಯಾಂಡ್ ಸಾಕು. ಹೊರಗೆ ಲೆನ್ಸ್ ಬದಲಿಸಲೇಬೇಡಿ.

ಕಡಲ ಹನಿ ಸಿಡಿದಿದ್ದರೆ ಒಣ ಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗಾಜಿನ ಲೇಪನವನ್ನು ಗೀರುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೊದಲು ಬಾಡಿ, ಆಮೇಲೆ ಬೇರೊಂದು ಮೈಕ್ರೊಫೈಬರ್ ಬಟ್ಟೆಯಿಂದ ಗಾಜು. ಪ್ರತಿ ಸಂಜೆ ಇದನ್ನು ಮಾಡಿ.

ಹೊರಗೆ 6 ಡಿಗ್ರಿ, ಒಳಗೆ 22. ಒಳಗೆ ಕಾಲಿಟ್ಟ ಕೂಡಲೇ ತಣ್ಣಗಿರುವ ಲೆನ್ಸಿನ ಮೇಲೆ ಹಬೆ ಕೂರುತ್ತದೆ, ಕೆಲವೊಮ್ಮೆ ಒಳಗಿನ ಗಾಜಿನ ಮೇಲೂ. ಬರುವ ಮುಂಚೆ ಹೊರಗೇ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ ಮುಚ್ಚಿ, ಕ್ಯಾಬಿನ್ನಿನಲ್ಲಿ ಅರ್ಧ ಗಂಟೆ ಹಾಗೇ ಬಿಡಿ, ಮೆಮೊರಿ ಕಾರ್ಡನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಅಂಡಮಾನ್, ಲಕ್ಷದ್ವೀಪದ ಕಡೆಯ ಹಡಗಿನಲ್ಲಾದರೆ ಇದು ಉಲ್ಟಾ, ಎಸಿಯಿಂದ ಹೊರಗೆ ಹೋಗುವಾಗ ಹಬೆ ಕಟ್ಟುತ್ತದೆ.

ಬ್ಯಾಗು ಕಟ್ಟುವಾಗ

ಮೂರು ಬ್ಯಾಟರಿ, ಎರಡು 128 ಜಿಬಿ ಕಾರ್ಡ್. ಬಿಡಿ ಬ್ಯಾಟರಿಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಹಚ್ಚಿರಬೇಕು ಅಥವಾ ಡಬ್ಬಿಯಲ್ಲಿರಬೇಕು. ನಮ್ಮ ಹಲವು ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ, ಲೆನ್ಸಿನ ತೂಕದ ಮಾತು ಇಲ್ಲೂ ಬಂದೇ ಬರುತ್ತದೆ. ಅಮೆರಿಕದ ಪ್ಲಗ್ಗಿಗೆ ಅಡಾಪ್ಟರ್ ಬೇಕು. ಚಾರ್ಜರಿನ ಮೇಲೆ 100-240 ವೋಲ್ಟ್ ಎಂದಿದ್ದರೆ ಬೇರೇನೂ ಬೇಡ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ಹಡಗು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ, ಹಲವು ಯುಎಸ್‌ಬಿ ಕಿಂಡಿಗಳಿರುವ ಚಾರ್ಜರ್ ಒಯ್ಯಿರಿ.

ಬಾಡಿಗೆ ಲೆನ್ಸ್ ತೆಗೆದುಕೊಳ್ಳುವವರು ಬೆಂಗಳೂರಿನಲ್ಲಿ ಕೇಳುವ ಮೊದಲು, ದೇಶದ ಹೊರಗೆ ಒಯ್ಯಲು ಅಂಗಡಿಯ ಕರಾರು ಒಪ್ಪುತ್ತದೆಯೇ ಓದಿ. ಸಿಯಾಟಲ್‌ನಿಂದ ಹೊರಡುವವರಿಗೆ ಅಲ್ಲೇ ಬಾಡಿಗೆಗೆ ಪಡೆಯುವುದು ಸುಲಭ. ಸ್ವಂತದ ದುಬಾರಿ ಬಾಡಿ, ಲೆನ್ಸ್ ಭಾರತದಿಂದ ಒಯ್ಯುವುದಾದರೆ ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ಸೀರಿಯಲ್ ನಂಬರ್ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಅದಿಲ್ಲದೆ ವಾಪಸ್ ಬರುವಾಗ, ಇದು ಹಳೆಯದು, ಇಲ್ಲೇ ಕೊಂಡದ್ದು ಎಂದು ಬಿಲ್ಲು ಹುಡುಕಬೇಕಾಗುತ್ತದೆ. ಈ ಕೆಲಸಕ್ಕೆ ಬೇಕಾದ ಸಮಯವನ್ನು ಇಟ್ಟುಕೊಂಡು, ಚೆಕ್-ಇನ್ ಬ್ಯಾಗ್ ಕೊಡುವ ಮೊದಲೇ ಕೌಂಟರಿಗೆ ಹೋಗಿ.